ಉಪ್ಪು ನೋಡಿದ ಉಪವಾಸ

ಅಫಜಲಪುರದ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ, ಬಾಯಿ ಸುಮ್ಮನಿರದವನೊಬ್ಬ ನತಾನಪ್ಪನ ಎದುರಿಗೇ ಅಂದುಬಿಟ್ಟ: "ನೀವು ಏನರ ಅನ್ರಿ ನತಾನಪ್ಪ, ಹ್ವಾದ ಕ್ರಿಸ್ಮಸ್‌ಕ್ಕ ಆ ಕಂಡಕ್ಟರ್ ಶರಫುದ್ದೀನ ಮಾಡಿದ ಪಾರ್ಟು ನಿಮಗಿಂತ ಒಂದು ಕೈ ಮ್ಯಾಲೇ ಇತ್ತು."

ಬಸಿಯಲ್ಲಿ ಚಹಾ ಆರಿಸಿಕೊಂಡು ಕುಡಿಯುತ್ತಿದ್ದ ನತಾನಪ್ಪ ಬಸಿಯನ್ನು ಹಾಗೇ ಕೆಳಗಿಟ್ಟ. ಯಾರು ಮಾಡಿದರೇನು, ದೇವರ ಸೇವೆ ನಡೆದರೆ ಸಾಕು ಅಂತ ನಾಲ್ಕು ಮಂದಿ ಕೇಳುವಂತೆ ಹೇಳಿ ಎದ್ದು ಬಂದ. ದಾರಿಯುದ್ದಕ್ಕೂ ಅವನ ಹೊಟ್ಟೆಯೊಳಗೆ ಒಣ ತೊಗರಿಕಟ್ಟಿಗೆ ಹತ್ತಿಕೊಂಡ ಹಾಗೆ ಉರಿಯಿತು. ಹೊಟ್ಟೆಕಿಚ್ಚು ಅನ್ನುವುದು ಬರೀ ಮಾತಲ್ಲ, ಅದು ಹೊಟ್ಟೆಯಲ್ಲೇ ಹತ್ತುತ್ತದೆ ಅಂತ ಅವನಿಗೆ ಅವತ್ತು ಗೊತ್ತಾಯಿತು.

ನತಾನಪ್ಪ ಮಿಷನ್ ಬೋರ್ಡಿಂಗಿನ ಅಡುಗೆಯವ. ಹುಟ್ಟಿದ್ದು ಜೇವರ್ಗಿ ತಾಲೂಕಿನ ನೆಲೋಗಿಯಲ್ಲಿ. ಊರೂರು ತಿರುಗುತ್ತ ಬಂದ ಪಾದ್ರಿಯೊಬ್ಬರು ಕೂಸಿನ ತಲೆಗೆ ನೀರು ಹಾಕಿ ನತಾನಿಯೇಲ ಅಂತ ಹೆಸರಿಟ್ಟಿದ್ದರು. ಸುವಾರ್ತೆಯಲ್ಲಿ ಆ ಹೆಸರಿನವನೊಬ್ಬ ಬರುತ್ತಾನೆ. ಅವನು ದೂರದಲ್ಲಿ ಬರುತ್ತಿದ್ದುದನ್ನು ಕಂಡೇ ಕರ್ತನು, ಇವನಲ್ಲಿ ಕಪಟವಿಲ್ಲ ಅಂತ ಮೆಚ್ಚಿಕೊಂಡನಂತೆ. ಈ ಮಾತನ್ನು ನಮ್ಮ ನತಾನಪ್ಪ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಹೆಸರಿನಲ್ಲೇ ಅಷ್ಟು ಇದ್ದಮೇಲೆ ನಡತೆಯಲ್ಲಿ ತುಸು ಹೆಚ್ಚುಕಡಿಮೆಯಾದರೂ ನಡೆದೀತು ಅಂತ ಅವನ ಎಣಿಕೆ ಇದ್ದಿರಬೇಕು. ಹೆಂಡತಿ ಸುವಾರ್ತಮ್ಮ ಮಾತ್ರ, "ಹೆಸರು ಕ್ಷೀರಸಾಗರ, ಮಜ್ಜಿಗಿಗೆ ಗತಿ ಇಲ್ಲ" ಅನ್ನುತ್ತಿದ್ದಳು. ಆಕೆಯ ನಾಲಗೆ ಆಳಂದ ಕಡೆಯದು, ಹಿರೋಳ್ಳಿಯಲ್ಲಿ ಹುಟ್ಟಿದ್ದು. ಅದಕ್ಕೆ ಯಾರ ಮುಲಾಜೂ ಇರಲಿಲ್ಲ.

ಅಡುಗೆಯವನ ಬಾಳು ಎಂಥದ್ದು ನೀವೇ ಹೇಳಿ. ಸಾರು ಚೆನ್ನಾಗಿದ್ದರೆ ಯಾರೂ ಏನೂ ಅನ್ನುವುದಿಲ್ಲ, ನೀರಾದರೆ ಎಲ್ಲರೂ ಅನ್ನುತ್ತಾರೆ. ವರ್ಷವಿಡೀ ಹೊಗೆ ಕುಡಿದು ರೊಟ್ಟಿ ಬಡಿದ ಆ ದೊಡ್ಡ ಮೈಯ ಮನುಷ್ಯನನ್ನು ಊರು ತಲೆಯೆತ್ತಿ ನೋಡುತ್ತಿದ್ದುದು ಒಂದೇ ದಿನ. ಅದು ಕ್ರಿಸ್ಮಸ್ ದಿನ, ದೀಪ ಹಚ್ಚುವ ಹೊತ್ತಿಗೆ, 'ಒಪ್ಪತ್ತಿನಪ್ಪ'ನ ಆಟದಲ್ಲಿ.

ಈ ಆಟ ನಿಜಾಮರ ಕಾಲದಿಂದ ನಡೆದುಬಂದದ್ದು. ಕಂಬಳಿ ಹೊದ್ದ ಕಪಟಿಯೊಬ್ಬ, ದಿನಕ್ಕೊಮ್ಮೆ ಒಂದು ಗುಟುಕು ನೀರು ಕುಡಿದು ಬದುಕುವ ಭಕ್ತ ನಾನು ಅಂತ ಹೇಳಿಕೊಂಡು, ಸಿರಿವಂತ ರೈತನ ಮನೆ ಸೇರುತ್ತಾನೆ. ರೈತ ಮರುಳಾಗಿ ಕಾಳಿನ ಹಗೇವನ್ನೇ ಅವನ ವಶಕ್ಕೆ ಕೊಡುತ್ತಾನೆ. ಕಪಟಿಯೋ, ಪ್ರಾರ್ಥನೆ ಅಂತ ಕಂಬಳಿಯನ್ನು ತಲೆಯ ಮೇಲೆಳೆದುಕೊಂಡು ಒಳಗೆ ಬೆಲ್ಲ ಮುಕ್ಕುತ್ತಾನೆ. ರೈತನ ಹೆಂಡತಿ ಜಾಣೆ. ಕಂಬಳಿಯ ಅಂಚಿಗೆ ಆಡಿನ ಗಂಟೆಯೊಂದನ್ನು ಹೊಲಿದುಬಿಡುತ್ತಾಳೆ. ಇವನು ಅಗಿದಾಗಲೆಲ್ಲ ಗಂಟೆ ಅಲುಗುತ್ತದೆ. ಅದು ದೇವಲೋಕದ ಗಂಟೆ ಅಂತ ಇವನು ಒಳಗಿನಿಂದಲೇ, ತುಂಬಿದ ಬಾಯಲ್ಲಿ ಹೇಳುತ್ತಾನೆ. ಕಡೆಗೆ ಆಕೆ ಕಂಬಳಿ ಕಿತ್ತೆಳೆದಾಗ ಎರಡೂ ಗಲ್ಲ ಉಬ್ಬಿದ ಮುಖ ಮಂದಿಗೆ ಕಾಣುತ್ತದೆ. ಹಿಂದೆ ಇದ್ದ ಉಪದೇಶಿಯೊಬ್ಬರು ಕೊನೆಗೆ ಒಂದು ಪ್ರಾರ್ಥನೆ ಸೇರಿಸಿ, ಕರ್ತನು ಸಿಟ್ಟಾದದ್ದು ಕಳ್ಳರ ಮೇಲಲ್ಲ, ಕಪಟಿಗಳ ಮೇಲೆ ಅಂತ ನಾಲ್ಕು ಮಾತು ಹೇಳುವ ವಾಡಿಕೆ ಹಾಕಿದ್ದರು. ಹಾಗಾಗಿ ಅದು ಚರ್ಚಿನ ಆಟವಾಯಿತು. ನೋಡಲಿಕ್ಕೆ ಮಾತ್ರ ಲಿಂಗವಂತರು, ಮುಸಲ್ಮಾನರು, ಊರಿಗೆ ಊರೇ ಬೋರ್ಡಿಂಗಿನ ಅಂಗಳಕ್ಕೆ ಬರುತ್ತಿತ್ತು.

ಎಪ್ಪತ್ತರ ದಶಕದಿಂದಲೂ ಒಪ್ಪತ್ತಿನಪ್ಪ ಅಂದರೆ ನತಾನಪ್ಪನೇ. ಅಷ್ಟು ಜನ ತನ್ನ ಕಡೆ ನೋಡಿ ಹೊಟ್ಟೆ ಹಿಡಿದುಕೊಂಡು ನಗುವುದನ್ನು ಕಂಬಳಿಯೊಳಗೆ ಕೂತು ಕೇಳಿದಾಗ ಅವನಿಗೆ ತಾನೂ ಒಬ್ಬ ಮನುಷ್ಯ ಅನ್ನಿಸುತ್ತಿತ್ತು. ತೊಂಬತ್ತೇಳರ ಕ್ರಿಸ್ಮಸ್ಸಿಗೆ ಕಾಮಾಲೆಯಾಗಿ ಕಲಬುರಗಿಯ ಆಸ್ಪತ್ರೆ ಸೇರಿದ. ಆಟ ನಿಲ್ಲಬಾರದೆಂದು ಶರಫುದ್ದೀನನಿಗೆ ಕಂಬಳಿ ಹೊದಿಸಿದರು. ಅವನು ಆಳಂದ ಬಸ್ಸಿನ ಕಂಡಕ್ಟರ್, ಮಾತುಗಾರ, ತಂದೆ ಲಾಡ್ಲೆಸಾಬ ಇದೇ ಆಟಕ್ಕೆ ತಬಲಾ ಬಾರಿಸಿದವ. ಮಾತೆಲ್ಲ ಅವನಿಗೆ ಬಾಯಿಪಾಠ. ನತಾನಪ್ಪ ಗುಣವಾಗಿ ಬಂದಾಗ ಯಾರೂ ಅವನ ಮೈ ಹೇಗಿದೆ ಅಂತ ಕೇಳಲಿಲ್ಲ. ನೀವು ನೋಡಬೇಕಿತ್ತು, ಆ ಶರಫುದ್ದೀನ ಏನು ನಗಿಸಿದ ಅಂತೀರಿ ಅಂತಲೇ ಶುರುಮಾಡಿದರು. ಚರ್ಚಿನ ಹಿರಿಯರು ಮರುವರ್ಷದ ನವೆಂಬರಿನಲ್ಲಿ ಸಭೆ ಸೇರಿ, ನತಾನಪ್ಪನಿಗೆ ವಯಸ್ಸಾಯಿತು, ಮೈಯೂ ನೆಟ್ಟಗಿಲ್ಲ, ಈ ಸಲವೂ ಶರಫುದ್ದೀನನೇ ಮಾಡಲಿ ಅಂದರು. ಪಾತ್ರ ಹೋಯಿತು.

ನನಗೆ ಆ ಪಾತ್ರ ಬೇಕು ಅಂತ ಬಾಯಿಬಿಟ್ಟು ಕೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಕೇಳಲಿಲ್ಲ. ಕೇಳಿದರೆ ಹೊಟ್ಟೆಕಿಚ್ಚು ಕಂಡುಬಿಡುತ್ತದಲ್ಲ. ಅದರ ಬದಲು ಪಾಸ್ಟರ್ ಪ್ರೇಮಾನಂದರ ಮನೆಗೆ ಹೋಗಿ, ಚಪ್ಪಲಿ ಬಿಟ್ಟು, ಟವೆಲ್ಲನ್ನು ಎದೆಗೆ ಅವಚಿಕೊಂಡು ನಿಂತ. ಪಾಸ್ಟರ್ ಬೀದರ ಕಡೆಯಿಂದ ಬಂದ ಎಳೆ ವಯಸ್ಸಿನವರು, ಹಿರಿಯರೆಂದರೆ ಎದ್ದು ನಿಲ್ಲುವವರು.

"ಪಾಸ್ಟರ್ ಸಾಹೇಬ್ರ, ನನ್ನ ಆತ್ಮಕ್ಕ ಬ್ಯಾನಿ ಆಗಾಕತ್ತದ," ಅಂದ ನತಾನಪ್ಪ. "ಕರ್ತ ಹುಟ್ಟಿದ ದಿನ ಉಪಾಸ, ಪ್ರಾರ್ಥನಾ ಇಟ್ಕೊಂಡು ನಗ್ಯಾಡೋದು ಪಾಪ ಅಲ್ಲೇನ್ರಿ? ನಾನೂ ಇಷ್ಟು ವರ್ಷ ಮಾಡಿದೆ. ಕಣ್ಣ ತೆರಿಲಿಲ್ಲ. ಆಸ್ಪತ್ರ್ಯಾಗ ಮಲಗಿದ್ದಾಗ ತೆರೀತು."

ಪಾಸ್ಟರ್ ಯೋಚಿಸಿ ಹೇಳಿದರು: "ನತಾನಪ್ಪ, ಆಟ ನಗೋದು ಪ್ರಾರ್ಥನಾಕ್ಕ ಅಲ್ಲ, ಪ್ರಾರ್ಥನಾದ ವೇಷಕ್ಕ. ಬೀದಿ ಮೂಲ್ಯಾಗ ನಿಂತು ಮಂದೀಗೆ ಕಾಣ್ಲಿ ಅಂತ ಪ್ರಾರ್ಥನಾ ಮಾಡೋರನ್ನ ಕರ್ತನೂ ಬಿಡಲಿಲ್ಲ. ನಕ್ಕೊಂತ ಕೇಳಿದ್ರ ಆ ಮಾತು ಒಳಗ ಇಳೀತದ ಅಂತ ನನಗ ಅನಸ್ತದ."

ಮಾತು ಇಳಿಯಬೇಕಾದ ಕಡೆ ಇಳಿಯಲಿಲ್ಲ. ನತಾನಪ್ಪನಿಗೆ ಇನ್ನೂ ಸಿಟ್ಟು ಬಂತು. ಕ್ರಿಸ್ಮಸ್ಸಿನ ಹಿಂದಿನ ಭಾನುವಾರ, ಆರಾಧನೆಯಲ್ಲಿ ಸಾಕ್ಷಿ ಹೇಳುವ ಹೊತ್ತು ಬಂದಾಗ ಎದ್ದು ನಿಂತ. ಈ ಆಟ ನಿಲ್ಲುವತನಕ ನೀರು ಬಿಟ್ಟು ಬೇರೇನೂ ಮುಟ್ಟುವುದಿಲ್ಲ, ದೇವರು ಸಭೆಯ ಮನಸ್ಸು ತಿರುಗಿಸಲಿ ಅಂತ ನಡುಗುವ ದನಿಯಲ್ಲಿ ಹೇಳಿದ. ಆ ನಡುಕ ರಂಗದ ಮೇಲಿನದು, ವರ್ಷಾನುಗಟ್ಟಲೆ ರೂಢಿಯಾದದ್ದು. ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಸುವಾರ್ತಮ್ಮನೊಬ್ಬಳೇ ಗಂಡನ ಮುಖವನ್ನು ಪಿಳಿಪಿಳಿ ನೋಡುತ್ತ ಕೂತಿದ್ದಳು. ಅವತ್ತು ಸಂಜೆಯೇ ರಂಜಾನಿನ ಚಂದ್ರ ಕಂಡ. ಆ ವರ್ಷ ಕ್ರಿಸ್ಮಸ್ಸು ರಂಜಾನಿನೊಳಗೇ ಬಂದಿತ್ತು.

ಉಪವಾಸದ ಸುದ್ದಿ ಊರೆಲ್ಲ ಹಬ್ಬಿತು. ಬಜಾರದ ಶಾಂತಲಿಂಗಪ್ಪ ಸಾಹುಕಾರ ಕೂಡ ಬಂದು, ನಿಮ್ಮಂಥವರು ಇರೋದಕ್ಕೇ ಮಳಿ ಬೆಳಿ ಆಗಾಕತ್ತದ ಅಂತ ಕೈಮುಗಿದು ಹೋದ. ನತಾನಪ್ಪನ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ದೀನ ಮುಖ ಮಾಡಿಕೊಂಡು, ಗೋಡೆ ಹಿಡಿದುಕೊಂಡು ನಡೆಯುವುದನ್ನು ಮೊದಲ ದಿನದಿಂದಲೇ ಶುರುಮಾಡಿದ. ಮಲಗುವ ಮುಂಚೆ ಮಂಡಿಯೂರಿ, ಕರ್ತನೇ, ಆ ಕಂಡಕ್ಟರನಂಥ ಮನುಷ್ಯನನ್ನಾಗಿ ನನ್ನನ್ನು ಮಾಡಲಿಲ್ಲವಲ್ಲ, ನಿನಗೆ ಸ್ತೋತ್ರ ಅಂತ ಪ್ರಾರ್ಥಿಸಿದ. ಇಂಥದ್ದೇ ಪ್ರಾರ್ಥನೆ ಮಾಡಿದ ಫರಿಸಾಯನೊಬ್ಬನ ಕಥೆ ಸುವಾರ್ತೆಯಲ್ಲಿದೆ. ನತಾನಪ್ಪ ಅದನ್ನು ಎಷ್ಟೋ ಸಲ ಕೇಳಿದ್ದ. ಕೇಳಿದಾಗಲೆಲ್ಲ ಅವನಿಗೆ ಬೇರೆ ಯಾರದೋ ಮುಖ ನೆನಪಾಗುತ್ತಿತ್ತು.

ಉಪವಾಸವೇನೋ ಹಿಡಿದ, ಆದರೆ ಕಸುಬು ಅಡುಗೆಯದು. ಬೋರ್ಡಿಂಗಿನ ಮಕ್ಕಳು ಆಟ ನೋಡಿಯೇ ತಂತಮ್ಮ ಊರಿಗೆ ಹೋಗುವವರು, ಅಲ್ಲಿಯತನಕ ಅವರಿಗೆ ಬೇಯಿಸಿ ಹಾಕಬೇಕು. ಬೇಯಿಸಿದವನು ಉಪ್ಪು ನೋಡಬೇಕು. ಉಪ್ಪು ನೋಡದೆ ಮಕ್ಕಳಿಗೆ ಬಡಿಸುವುದು ಮಹಾಪಾಪ ಅಂತ ನತಾನಪ್ಪ ತೀರ್ಮಾನಿಸಿದ. ಮೊದಲ ದಿನ ಸೌಟಿನ ತುದಿಗೆ ಅಂಟಿದ ಸಾರನ್ನು ಬೆರಳಿಂದ ನಾಲಗೆಗೆ ಮುಟ್ಟಿಸಿದ. ಅಷ್ಟರಿಂದ ಉಪ್ಪು ಸರಿಯಾಗಿ ತಿಳಿಯಲಿಲ್ಲ. ಮರುದಿನ ಅಂಗೈಗೆ ಹಾಕಿಕೊಂಡು ನೋಡಿದ. ಬರೀ ಸಾರು ನೆಕ್ಕಿದರೆ ಹುಳಿ ತಿಳಿಯುತ್ತದೆ, ಉಪ್ಪು ತಿಳಿಯಬೇಕಾದರೆ ಜೊತೆಗೆ ಒಂದು ತುಂಡು ರೊಟ್ಟಿ ಬೇಕು ಅಂತ ಆಮೇಲೆ ಅವನಿಗೆ ಹೊಳೆಯಿತು. ಬುಧವಾರದ ಹೊತ್ತಿಗೆ ಬಟ್ಟಲು ಬಂತು. ಒಲೆಯ ಹೊಗೆ ತಾಗಬಾರದೆಂದು ಟವೆಲ್ಲನ್ನು ತಲೆಯ ಮೇಲೆ ಎಳೆದುಕೊಂಡು, ಪಾತ್ರೆಯ ಮೇಲೆ ಬಾಗಿ, ಬಟ್ಟಲು ತುಂಬ ಉಪ್ಪು ನೋಡುತ್ತಿದ್ದ. ಇದನ್ನು ಊಟ ಅನ್ನಲಿಕ್ಕೆ ಬರುವುದಿಲ್ಲ ಅಂತ ಅವನು ನಿಜವಾಗಿಯೂ ನಂಬಿದ್ದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವಾಗ ಅದಕ್ಕೂ ಹಾಗೇ ಅನ್ನಿಸುತ್ತದೋ ಏನೋ.

"ಉಪ್ಪು ಬಾಳ ನೋಡಾಕತ್ತೀರಿ ಈಗೀಗ," ಅಂದಳು ಸುವಾರ್ತಮ್ಮ ಒಲೆಗೆ ಕಟ್ಟಿಗೆ ನೂಕುತ್ತ.

"ಮಕ್ಕಳ ಬಾಯಿಗೆ ಹೋಗೋದು. ಹೆಚ್ಚುಕಡಿಮಿ ಆದ್ರ ಯಾರ ತಲಿ ಮ್ಯಾಲ?"

"ಹೌದ್ರಿ, ಖರೇನ. ಬುಧವಾರದ ಸಾರಿನ ಉಪ್ಪು ನೋಡಿದ ಬಟ್ಟಲಾ ನಾನ ತೊಳದೇನಿ. ತಳಕ್ಕ ಬ್ಯಾಳಿ ಅಂಟಿತ್ತು." ಅಷ್ಟು ಹೇಳಿ ಆಕೆ ಹೊರಗೆ ಹೋದಳು. ನತಾನಪ್ಪನಿಗೆ ಹೆಂಡತಿಯ ಮೇಲೂ ಸಿಟ್ಟು ಬಂತು, ಗಂಡನ ಆತ್ಮದ ನೋವು ತಿಳಿಯದ ಹೆಂಗಸು ಅಂತ.

ಇಷ್ಟಾದರೂ ಹೊಟ್ಟೆಯ ಉರಿ ಆರಲಿಲ್ಲ. ಕಾರಣವೇನೆಂದರೆ ಆಟದ ತಾಲೀಮು ನಡೆಯುತ್ತಿದ್ದುದು ಬೋರ್ಡಿಂಗಿನ ಪಡಸಾಲೆಯಲ್ಲಿ, ಅದರ ತುದಿಗೇ ಅಡುಗೆಮನೆ. ನಡುವೆ ಒಂದು ಗೋಣಿತಟ್ಟಿನ ಪರದೆ, ಅಷ್ಟೇ. ಡ್ಯೂಟಿ ಮುಗಿಸಿ ಮಧ್ಯಾಹ್ನ ಇಳಿಹೊತ್ತಿಗೆ ಶರಫುದ್ದೀನ ಬರುತ್ತಿದ್ದ. ತಲೆಗೆ ಎಣ್ಣೆ ಹಚ್ಚಿ ಬಾಚಿ, ಮುಖ ತೊಳೆದು, ಮದುಮಗನ ಹಾಗೆ ಮಿರಿಮಿರಿ ಮಿಂಚುತ್ತ ಬರುತ್ತಿದ್ದ. ಅದನ್ನು ಕಂಡರೇ ನತಾನಪ್ಪನಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಓಣಿಗೆ ಓಣಿಯೇ ಉಪವಾಸ ಹಿಡಿಯುವ ರಂಜಾನಿನಲ್ಲೂ ಹಿಂದೊಮ್ಮೆ ಬಸ್‌ಸ್ಟ್ಯಾಂಡಿನ ಹಿಂದೆ ಬೀಡಿ ಸೇದುತ್ತ ಸಿಕ್ಕಿಬಿದ್ದವನು ಅಂತ ಅವನ ಖ್ಯಾತಿ. ಅಂಥವನು ಉಪವಾಸದ ಪಾತ್ರ ಮಾಡುವುದು, ಮೂರು ದಿನದಿಂದ ಅನ್ನ ಬಿಟ್ಟವನು ಒಳಗೆ ಕೂತು ಕೇಳುವುದು. ನ್ಯಾಯ ಎಲ್ಲಿದೆ ಅಂತ ನತಾನಪ್ಪ ಬಟ್ಟಲು ಕೆಳಗಿಟ್ಟು ನಿಟ್ಟುಸಿರು ಬಿಟ್ಟ.

ಪರದೆಯ ಸಂದಿನಿಂದ ಇಣುಕಿದ. ಬೇಡ ಬೇಡ ಅಂದರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಶರಫುದ್ದೀನ ಕಂಬಳಿ ಎಳೆದುಕೊಂಡು ಅಗಿಯಲಿಕ್ಕೆ ಶುರುಮಾಡಿದ. ನತಾನಪ್ಪ ಅಗಿದಾಗ ಇಡೀ ಕಂಬಳಿ ಕುಣಿಯುತ್ತಿತ್ತು, ಗಂಟೆ ಒಂದೇ ಸಮ ಬಡಿದುಕೊಳ್ಳುತ್ತಿತ್ತು. ಇವನು ಹಾಗಲ್ಲ. ಒಂದು ಸಲ ಟಿಣ್ ಅನಿಸಿ ಸುಮ್ಮನಾದ. ಮಂದಿ ಕಾದರು. ಇನ್ನೂ ಕಾಯಿಸಿದ. ಆಮೇಲೆ ಕಂಬಳಿಯ ಒಂದು ಮೂಲೆ ಮೆಲ್ಲಗೆ, ಆಸೆ ತಡೆಯಲಾರದವನ ಹಾಗೆ ಅಲುಗಿತು, ಗಂಟೆ ಮತ್ತೆ ಟಿಣ್ ಅಂದಿತು. ಪಡಸಾಲೆಯಲ್ಲಿದ್ದವರು ಉರುಳಾಡಿ ನಕ್ಕರು. ಹಸಿದವನ ಆಸೆ ಹೇಗಿರುತ್ತದೆ ಅಂತ ಇವನಿಗೆ ಹೇಗೆ ಗೊತ್ತಾಯಿತು? ಇಷ್ಟು ವರ್ಷ ಪಾತ್ರ ಮಾಡಿದ ತನಗೆ ಅದು ಹೊಳೆದೇ ಇರಲಿಲ್ಲ. ಚಹಾದಂಗಡಿಯ ಬಾಯಿಬಡುಕ ಹೇಳಿದ್ದು ಸುಳ್ಳಲ್ಲ ಅಂತ ನತಾನಪ್ಪನಿಗೆ ಗೊತ್ತಾದದ್ದು ಆಗಲೇ. ಸುಳ್ಳಾಗಿದ್ದರೆ ಅಷ್ಟು ಉರಿಯುತ್ತಿರಲಿಲ್ಲ.

ಕ್ರಿಸ್ಮಸ್ ದಿನ ಬೆಳಿಗ್ಗೆ ಆರಾಧನೆ ಮುಗಿಸಿ ಬಂದವನೇ ಒಂದು ಕೆಲಸ ಮಾಡಿದ. ಕಂಬಳಿಯ ಒಳಮಗ್ಗುಲಲ್ಲಿ ಒಂದು ಜೇಬು ಇತ್ತು. ಅದಕ್ಕೆ ಬೆಲ್ಲ ತುಂಬಿಡುವುದು ಮೊದಲಿನಿಂದಲೂ ಅಡುಗೆಮನೆಯ ಕೆಲಸ, ತಾಲೀಮಿನ ದಿನಗಳಲ್ಲೂ ಅವನೇ ಹಲ್ಲು ಕಚ್ಚಿಕೊಂಡು ತುಂಬುತ್ತಿದ್ದ. ಅವತ್ತು ಬೆಲ್ಲವನ್ನು ಜಜ್ಜಿ, ಮನೆಯಲ್ಲಿದ್ದ ಕೆಂಪು ಖಾರದ ಪುಡಿಯನ್ನು ಮುಷ್ಟಿಗಟ್ಟಲೆ ಕಲಸಿ, ಮತ್ತೆ ಉಂಡೆ ಕಟ್ಟಿ ಜೇಬಿನಲ್ಲಿಟ್ಟ. ಊರಿಗೆ ಊರೇ ನೋಡುವಾಗ ಕೆಮ್ಮಿ ಕೆಮ್ಮಿ ಸಾಯಲಿ, ಮಾತು ಮರೆಯಲಿ, ಆಮೇಲೆ ಯಾರ ಕೈ ಮೇಲೆ ಅಂತ ಅವರೇ ಹೇಳಲಿ ಅಂದುಕೊಂಡ. ಕೈ ತೊಳೆದುಕೊಳ್ಳುತ್ತ, ಇದು ಪಾಪದ ಆಟ ನಿಲ್ಲಿಸಲಿಕ್ಕೇ ಅಲ್ಲವೇ ಅಂತ ದೇವರಿಗೂ ಒಂದು ಮಾತು ಹೇಳಿದ.

ಸಂಜೆ, ಸೂರ್ಯ ಮುಳುಗಲಿಕ್ಕೆ ತುಸು ಮುಂಚೆ, ಹಬ್ಬದ ಪುಲಾವಿನ ಪಾತ್ರೆ ಕುದಿಯುತ್ತಿರುವಾಗ ಪರದೆ ಸರಿಸಿ ಶರಫುದ್ದೀನ ಒಳಗೆ ಬಂದ. ಕೈಯಲ್ಲಿ ಕಂಬಳಿ ಇತ್ತು.

"ನತಾನಪ್ಪಣ್ಣ, ಇದು ತಗೋರಿ," ಅಂದ. "ನಾ ಮಾಡಂಗಿಲ್ಲ."

ನತಾನಪ್ಪನಿಗೆ ಅರ್ಥವಾಗಲಿಲ್ಲ. ಶರಫುದ್ದೀನ ಒಲೆಯ ಹತ್ತಿರ, ಅವನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತ. ಹತ್ತಿರದಿಂದ ನೋಡಿದರೆ ಎಣ್ಣೆ ಹಚ್ಚಿದ ಆ ಮುಖದ ತುಟಿಗಳು ಒಡೆದಿದ್ದವು.

"ನಿಮಗೊಬ್ಬರಿಗೆ ಹೇಳ್ತೇನಿ, ಡಿಪೋದಾಗ ಯಾರಿಗೂ ಹೇಳಬ್ಯಾಡ್ರಿ. ಈ ಸಲ ನಾ ರೋಜಾ ಹಿಡದೇನಿ. ನಮ್ಮವ್ವ ಪ್ಯಾರಿಬಿಗೆ ಸಕ್ಕರಿ ಬ್ಯಾನಿ, ಡಾಕ್ಟರು ಉಪಾಸ ಬ್ಯಾಡ ಅಂದಾರ. ಹುಟ್ಟಿದಾಗಿಂದ ಒಂದೂ ಬಿಟ್ಟಾಕಿ ಅಲ್ಲ, ಅಳಾಕತ್ತಿದ್ಲು. ಬಿಡವ್ವ, ನಾ ಹಿಡೀತೇನಿ ಅಂದೆ. ಹೆಂಡ್ತಿ ಬಾಣಂತನಕ್ಕ ಜೇವರ್ಗ್ಯಾಗ ಅದಾಳ. ನಸುಕಿನ್ಯಾಗ ಎದ್ದು ತಂಗಳ ರೊಟ್ಟಿ ನೀರಾಗ ಅದ್ದಿ ತಿಂತೇನಿ, ಅಷ್ಟ. ನಮ್ಮ ಡ್ರೈವರಗೆ ಗೊತ್ತಾದ್ರ ನಗ್ತಾನ, ನಡಕ ಬಿಟ್ರ ಇನ್ನಾ ನಗ್ತಾನ. ಅದಕ್ಕ ಎಣ್ಣಿ ಹಚ್ಕೊಂಡು, ಮಾರಿ ತೊಳಕೊಂಡು ತಿರಗ್ತೇನಿ."

"ಮತ್ತ ಬೆಲ್ಲ?" ಅಂದ ನತಾನಪ್ಪ.

"ಬರೇ ಬಾಯಿ ಆಡಸ್ತಿದ್ದೆ. ನೀವು ಇಟ್ಟ ಬೆಲ್ಲ ದಿನಾ ಬೋರ್ಡಿಂಗಿನ ಮಕ್ಕಳಿಗೆ ಕೊಟ್ಟೇನಿ."

"ಇವತ್ತಿಂದು?"

"ಇವತ್ತಿಂದು ಇನ್ನಾ ಕೊಟ್ಟಿಲ್ಲ. ಅದರಾಗ ಅದ."

ನತಾನಪ್ಪ ಕಂಬಳಿಯ ಜೇಬನ್ನೇ ನೋಡಿದ. ಶರಫುದ್ದೀನ ಕಂಬಳಿಯನ್ನು ಗೂಟಕ್ಕೆ ಸಿಕ್ಕಿಸುತ್ತ ಮಾತು ಮುಂದುವರಿಸಿದ. "ಉಪಾಸ ಅಂದ್ರ ಏನು ಅಂತ ಈ ವರ್ಷ ತಿಳೀತು ನನಗ. ನಾನರ ಸಂಜೀಕ ಬಿಡ್ತೇನಿ. ನೀವು ಭಾನುವಾರದಿಂದ ಬರೇ ನೀರಿನ ಮ್ಯಾಲ ಕುಂತು ಮಕ್ಕಳಿಗೆ ರೊಟ್ಟಿ ಬಡ್ಯಾಕತ್ತೀರಿ. ಅಂಥವರ ಮನಸ್ಸು ತುಳದು ನಾ ಮಂದೀನ ನಗಸಂಗಿಲ್ಲ. ಪಾಸ್ಟರ್ ಸಾಹೇಬ್ರಿಗೆ ಈಗ ಹೇಳಿ ಬಂದೆ. ಆಟ ನಿಂತದ. ನೀವು ಗೆದ್ರಿ." ಗೆದ್ದಿರಿ ಅನ್ನುವಾಗ ಅವನಿಗೆ ನಗಲಿಕ್ಕೆ ಆಗಲಿಲ್ಲ. ರೋಜಾ ಬಿಡುವ ಹೊತ್ತಾಯಿತು ಅಂತ ಬೋರಿಂಗಿನ ಕೈಪಂಪಿನ ಕಡೆ ಹೋದ.

ಗೆದ್ದವನು ಹಾಗೇ ಕೂತ. ಆಟ ನಿಂತಿತು, ಪಾತ್ರ ಯಾರಿಗೂ ಇಲ್ಲ. ಆಟವೇ ಪಾಪ ಅಂತ ಸಾರಿದವನಿಗಂತೂ ಇನ್ನು ಜನ್ಮದಲ್ಲಿ ಇಲ್ಲ. ತನ್ನ ಹೊಟ್ಟೆಕಿಚ್ಚು ತನ್ನ ಹೊಟ್ಟೆಯ ಮೇಲೇ ಕಾಲಿಟ್ಟಿತ್ತು. ಆದರೆ ಅವನನ್ನು ಹೆಚ್ಚು ಸುಟ್ಟದ್ದು ಅದೂ ಅಲ್ಲ. ಪಾತ್ರದಲ್ಲಂತೂ ಮೇಲೆ, ಈಗ ಉಪವಾಸದಲ್ಲೂ ಆ ಕಂಡಕ್ಟರನೇ ಮೇಲಾದನಲ್ಲ ಅಂತ ನತಾನಪ್ಪನಿಗೆ ಅಳು ಬಂತು. ಇಂಥ ಹೊತ್ತಿನಲ್ಲೂ ಹೊಟ್ಟೆಕಿಚ್ಚು ಪಡುವವನನ್ನು ಏನನ್ನಬೇಕೋ ನೀವೇ ಹೇಳಿ. ಜೇಬಿನಲ್ಲಿದ್ದ ಬೆಲ್ಲವನ್ನು ಒಲೆಗೆ ಹಾಕಬೇಕೆಂದು ಏಳುವಷ್ಟರಲ್ಲಿ ಎಲೆ ತೊಳೆಯುವ ಹೆಂಗಸರು ಒಳಗೆ ಬಂದರು. ಅವರು ಹೋಗುವ ಹೊತ್ತಿಗೆ ಅಂಗಳ ತುಂಬಿತ್ತು, ಮೈಕು ಕೂಗುತ್ತಿತ್ತು. ಸಂತೋಷವಾದರೂ ಅಂಜಿಕೆಯಾದರೂ ನತಾನಪ್ಪನ ಕೈ ಪಾತ್ರೆಯ ಕಡೆಗೇ ಹೋಗುವುದು. ಟವೆಲ್ಲನ್ನು ತಲೆಯ ಮೇಲೆಳೆದುಕೊಂಡ. ಪುಲಾವಿನ ಉಪ್ಪು ನೋಡಬೇಕಿತ್ತು.

ಹೊರಗೆ ಪಾಸ್ಟರ್ ಮೈಕಿನಲ್ಲಿ ಮಾತಾಡುತ್ತಿದ್ದರು. ಈ ವರ್ಷ ಆಟ ಇರುವುದಿಲ್ಲ ಅಂದಾಗ ಅಂಗಳದಲ್ಲಿ ಗುಜುಗುಜು ಎದ್ದಿತು, ಮಕ್ಕಳು ರಾಗ ತೆಗೆದರು. "ನಮ್ಮ ನತಾನಪ್ಪನವರ ಉಪವಾಸವನ್ನು ನಾವೆಲ್ಲ ಸೇರಿ ಇಲ್ಲೇ ಬಿಡಿಸೋಣ," ಅಂತ ಹೇಳುತ್ತ ಪಾಸ್ಟರ್ ಪಡಸಾಲೆಯ ತುದಿಗೆ ನಡೆದುಬಂದು, ಒಂದು ಕೈಯಲ್ಲಿ ಕೇಕಿನ ತಟ್ಟೆ ಹಿಡಿದು, ಇನ್ನೊಂದು ಕೈಯಿಂದ ಗೋಣಿತಟ್ಟಿನ ಪರದೆ ಸರಿಸಿದರು.

ಎಲ್ಲ ದೀಪದ ಬೆಳಕೂ ಒಳಗೆ ಬಿತ್ತು. ಒಲೆಯ ಮುಂದೆ, ತಲೆಯ ಮೇಲೆ ಟವೆಲ್ ಹೊದ್ದು, ಎರಡೂ ಗಲ್ಲ ಉಬ್ಬಿಸಿಕೊಂಡು, ಗಡ್ಡದ ಮೇಲೆ ಅನ್ನದ ಅಗುಳು ಅಂಟಿಸಿಕೊಂಡು, ಬಟ್ಟಲು ಹಿಡಿದ ನತಾನಪ್ಪ ಕೂತಿದ್ದ.

ಮಕ್ಕಳ ಗುಂಪಿನಿಂದ ಯಾರೋ ಕೂಗಿದರು, "ಆಟ ಶುರು ಆತು, ಒಪ್ಪತ್ತಿನಪ್ಪ ಬಂದ." ಅಷ್ಟೇ ಸಾಕಾಯಿತು. ಇಡೀ ಅಂಗಳ ಒಮ್ಮೆಲೇ ನಕ್ಕಿತು. ಶಾಂತಲಿಂಗಪ್ಪ ಸಾಹುಕಾರ ಕಣ್ಣೀರು ಒರೆಸಿಕೊಂಡು ನಕ್ಕ. ಇವರು ಬೇಕಂತಲೇ ನಮ್ಮನ್ನೆಲ್ಲ ನಂಬಿಸಿ, ಇಡೀ ವಾರ ವೇಷ ಹಾಕಿದ್ದರು ಅಂತ ಒಬ್ಬರಿಗೊಬ್ಬರು ಹೇಳಿಕೊಂಡು ನಕ್ಕರು. ಪಾಸ್ಟರಿಗೂ ಹಾಗೇ ಅನ್ನಿಸಿತು, ತಟ್ಟೆ ಅಲುಗುವಂತೆ ನಕ್ಕರು. ಒಂದು ವರ್ಷದಿಂದ ನತಾನಪ್ಪ ಬಯಸಿ ಬಯಸಿ ಬೆಂದದ್ದು ಈ ನಗುವಿಗೇ. ಅವನ ಬಾಳಿನಲ್ಲಿ ಅಷ್ಟು ದೊಡ್ಡ ನಗು ಎಂದೂ ಬಂದಿರಲಿಲ್ಲ. ಬಾಯಲ್ಲಿದ್ದುದನ್ನು ನುಂಗಲಿಕ್ಕೂ ಆಗಲಿಲ್ಲ, ಉಗುಳಲಿಕ್ಕೂ ಆಗಲಿಲ್ಲ.

ನಗದವರು ಇಬ್ಬರೇ. ಒಬ್ಬಳು ಸುವಾರ್ತಮ್ಮ, ತಲೆ ತಗ್ಗಿಸಿ ನಿಂತಿದ್ದಳು. ಇನ್ನೊಬ್ಬ ಶರಫುದ್ದೀನ. ಆಗತಾನೇ ಖರ್ಜೂರ ತಿಂದು ನೀರು ಕುಡಿದು, ಒದ್ದೆ ಕೈಯಲ್ಲೇ ಓಡಿಬಂದಿದ್ದ. ಹಸಿದವನಿಗೆ ಉಂಡವನ ಬಾಯಿ ಗೊತ್ತಾಗದೆ ಇರುತ್ತದೆಯೇ? ನತಾನಪ್ಪನ ಮುಖವನ್ನು ನೋಡಿದ, ಬಟ್ಟಲನ್ನು ನೋಡಿದ. ಆಟದಲ್ಲಿ ಈ ಹೊತ್ತಿಗೆ ಕಂಬಳಿಯನ್ನು ಕಿತ್ತೆಳೆಯುವುದು ಪದ್ಧತಿ. ಶರಫುದ್ದೀನ ಗೂಟದಿಂದ ಕಂಬಳಿ ತೆಗೆದು ನತಾನಪ್ಪನ ತಲೆಯ ಮೇಲಿಂದ ಕಾಲತನಕ ಹೊದಿಸಿಬಿಟ್ಟ.

"ಒಪ್ಪತ್ತಿನಪ್ಪ ಪ್ರಾರ್ಥನಾಕ್ಕ ಕುಂತಾನ," ಅಂದ ಗಟ್ಟಿಯಾಗಿ, ಮಂದಿಯ ಕಡೆ ತಿರುಗಿ. "ಯಾರೂ ಸಪ್ಪಳ ಮಾಡಬ್ಯಾಡ್ರಿ." ಅದು ಆಟದಲ್ಲಿ ರೈತ ಹೇಳುವ ಮೊದಲ ಮಾತು.

ಕಂಬಳಿಯ ಕತ್ತಲೆಯಲ್ಲಿ ನತಾನಪ್ಪ ಬಾಯಲ್ಲಿದ್ದುದನ್ನು ಕಷ್ಟಪಟ್ಟು ನುಂಗಿದ. ಹೊರಗೆ ಮಂದಿ ಕಾಯುತ್ತಿದ್ದರು. ಗಂಟೆ ಆಡಬೇಕು, ಅವನು ಅಗಿಯಬೇಕು. ಬರೀ ಬಾಯಿ ಆಡಿಸಬಹುದಿತ್ತು, ಶರಫುದ್ದೀನನ ಹಾಗೆ. ಆದರೆ ನತಾನಪ್ಪನ ಕೈ ಜೇಬಿಗೆ ಹೋಯಿತು. ಬೆರಳಿಗೆ ತಾಗಿದ ಬೆಲ್ಲ ಯಾರಿಗೆಂದು ಕಟ್ಟಿದ್ದು ಅಂತ ಅವನಿಗೆ ಗೊತ್ತಿತ್ತು. ಇದು ಇಲ್ಲಿ ಉಳಿದರೆ ಆಟ ಮುಗಿದ ಮೇಲೆ ಮಕ್ಕಳ ಬಾಯಿಗೆ ಹೋಗುತ್ತದೆ, ಇಲ್ಲವೇ ಶರಫುದ್ದೀನನ ಬಾಯಿಗೆ. ಒಂದು ಉಂಡೆ ಬಾಯಿಗಿಟ್ಟ. ನಾಲಗೆ, ಗಂಟಲು, ಕಿವಿ ಎಲ್ಲ ಹೊತ್ತಿಕೊಂಡವು. ಇನ್ನೊಂದು ಇಟ್ಟ. ಕೆಮ್ಮು ಬಂತು, ಕಣ್ಣಲ್ಲಿ ಮೂಗಲ್ಲಿ ನೀರು ಬಂತು, ಅದರ ಹಿಂದೆಯೇ ಅಳು ಬಂತು. ಮೊದಲು ಖಾರದ ಅಳು, ಆಮೇಲೆ ಖಾರದ್ದಲ್ಲ. ಮೈಯೆಲ್ಲ ಬಿಕ್ಕಿ ಬಿಕ್ಕಿ ಅಲುಗಿತು, ಗಂಟೆ ಒಂದೇ ಸಮನೆ ಬಡಿದುಕೊಂಡಿತು. ಅಂಗಳದ ಮಂದಿ, ಇಂಥ ಪಾರ್ಟು ಈ ಊರಲ್ಲಿ ಯಾರೂ ಮಾಡಿಲ್ಲ ಅಂತ ಚಪ್ಪಾಳೆ ತಟ್ಟಿ ತಟ್ಟಿ ನಕ್ಕರು. ಕರ್ತನೇ, ಪಾಪಿಯಾದ ನನ್ನನ್ನು ಕರುಣಿಸು ಅಂತ ಅವನು ಒಳಗೆ ಹೇಳಿಕೊಂಡದ್ದು ಗಂಟೆಯ ಸಪ್ಪಳದಲ್ಲಿ ಯಾರಿಗೂ ಕೇಳಲಿಲ್ಲ.

ಆಟ ಮುಗಿದು ಮಂದಿ ಪುಲಾವಿಗೆ ಕೂತಾಗ ಶರಫುದ್ದೀನ ಅಡುಗೆಮನೆಗೆ ಬಂದು ಕಂಬಳಿಯ ಜೇಬಿಗೆ ಕೈ ಹಾಕಿದ. "ಈಗರ ಒಂದು ತುಂಡು ಬೆಲ್ಲ ಕೊಡ್ರಿ, ರೋಜಾ ಮುಗದದ," ಅಂದ. ಜೇಬು ಖಾಲಿ ಇತ್ತು. ಬೆರಳಿಗೆ ಅಂಟಿದ್ದ ಕೆಂಪು ಪುಡಿಯನ್ನು ದೀಪಕ್ಕೆ ಹಿಡಿದು ನೋಡಿದ.

"ಖಾರ ಅದು," ಅಂದ ನತಾನಪ್ಪ. ಅವನ ತುಟಿಗಳು ಬಾತುಕೊಂಡಿದ್ದವು. "ನಿನಗಂತ ಹಾಕಿದ್ದೆ. ಉಪಾಸನೂ ಸುಳ್ಳ. ನಿನ್ನ ನೋಡಿದ್ರ ನನ್ನ ಹೊಟ್ಟಿ ಉರೀತದ, ಈಗನೂ ಉರಿಯಾಕತ್ತದ."

ಶರಫುದ್ದೀನ ಬೆರಳನ್ನು ಅಂಗಿಗೆ ಒರೆಸಿಕೊಂಡ. ಇವನು ಈಗ ಹೊರಗೆ ಹೋಗಿ ಎಲ್ಲರಿಗೂ ಹೇಳುತ್ತಾನೆ ಅಂದುಕೊಂಡ ನತಾನಪ್ಪ. ಹೇಳಿದರೆ ಹೇಳಲಿ ಅಂತಲೂ ಅಂದುಕೊಂಡ.

"ನಾಳೆ ನಸುಕಿನ್ಯಾಗ ಬರ್ತೇನಿ," ಅಂದ ಶರಫುದ್ದೀನ ಕಡೆಗೆ. "ತಂಗಳ ರೊಟ್ಟಿ ತಿಂದು ತಿಂದು ಬ್ಯಾಸರಾಗ್ಯದ. ಬಿಸಿ ರೊಟ್ಟಿ, ಬ್ಯಾಳಿ ಮಾಡ್ರಿ. ಖಾರ ಕಡಿಮಿ ಇರಲಿ."

ಊರಿನವರು ಇವತ್ತಿಗೂ ಆ ವರ್ಷದ ಉಪವಾಸ ಆಟದ ಒಂದು ಭಾಗವೇ ಅಂತ ನಂಬಿದ್ದಾರೆ. ಮರುವರ್ಷದಿಂದ ಕಂಬಳಿ ಶರಫುದ್ದೀನನ ಹೆಗಲಿಗೇ ಹೋಯಿತು, ಹೊದಿಸಿದವನು ನತಾನಪ್ಪ. ಹೊಟ್ಟೆಕಿಚ್ಚು ಆರಿತೇ ಅಂತ ಕೇಳಿದರೆ, ಎಲ್ಲಿಯ ಮಾತು. ಅಂಗಳ ನಕ್ಕಾಗಲೆಲ್ಲ ಅವನಿಗೆ ಒಳಗೆ ಚುರ್ ಅನ್ನುತ್ತಿತ್ತು, ಎಲ್ಲರೂ ನಕ್ಕ ಮೇಲೆ ಅವನೂ ನಗುತ್ತಿದ್ದ. ಆದರೆ ಆ ರಂಜಾನು ಮುಗಿಯುವತನಕ ದಿನಾ ನಸುಕಿಗೆ ಎದ್ದು ಶರಫುದ್ದೀನನಿಗೆ ಅಡುಗೆ ಮಾಡಿದ. ಒಂದು ದಿನವೂ ಉಪ್ಪು ನೋಡಲಿಲ್ಲ, ಬೆರಳನ್ನೂ ಬಾಯಿಗೆ ಮುಟ್ಟಿಸಲಿಲ್ಲ. ಬೇಳೆ ಒಂದು ದಿನ ಉಪ್ಪಾಗುತ್ತಿತ್ತು, ಒಂದು ದಿನ ಸಪ್ಪಗಾಗುತ್ತಿತ್ತು. ಶರಫುದ್ದೀನ ತಲೆ ತಗ್ಗಿಸಿಕೊಂಡು ಎಲ್ಲ ಉಂಡ, ಉಪ್ಪಿನ ಮಾತು ಮಾತ್ರ ಎತ್ತಲಿಲ್ಲ.